ಸಾಲದ ಕಂತು ಮೊದಲೋ, ದಶಮಾಂಶ ಮೊದಲೋ?

ಹೊಸಚಿಗುರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನೂ ನನ್ನ ಪತಿಯೂ ಸಂಬಳಕ್ಕೆ ದುಡಿಯುವವರು. ಮನೆ ಸಾಲದ ಕಂತು ಒಂದು ಕಡೆ, ಮಾವನವರ ಚಿಕಿತ್ಸೆಗೆಂದು ಬಂಧುಗಳಿಂದ ಪಡೆದ ಕೈಸಾಲ ಇನ್ನೊಂದು ಕಡೆ. ಇವೆರಡನ್ನೂ ಕಳೆದರೆ ತಿಂಗಳ ಕೊನೆಗೆ ಉಳಿಯುವುದು ಅತ್ಯಲ್ಪ. ನಾವು ಹೋಗುವ ಸಭೆಯಲ್ಲಿ (ಚರ್ಚಿನಲ್ಲಿ) ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು, ಕಡಿತಗಳಿಗೆ ಮುಂಚಿನ ಪೂರ್ಣ ಸಂಬಳದ ಮೇಲೆ ಲೆಕ್ಕಹಾಕಿ, ಬೇರೆ ಯಾವ ಖರ್ಚಿಗೂ ಮುಂಚೆ ತಂದೊಪ್ಪಿಸಬೇಕೆಂದೂ, ಹಾಗೆ ಮಾಡದವರು ಹಳೆಯ ಒಡಂಬಡಿಕೆಯ ಪ್ರವಾದಿ ಮಲಾಕಿಯನು ಹೇಳಿದ ಶಾಪಕ್ಕೆ ಗುರಿಯಾಗುತ್ತಾರೆಂದೂ ಬೋಧಿಸಲಾಗುತ್ತದೆ. ಈಚೆಗೆ ಕೊಟ್ಟವರ ಹೆಸರುಗಳನ್ನು ಆರಾಧನೆಯ ಕೊನೆಯಲ್ಲಿ ಓದುವ ಪದ್ಧತಿಯೂ ಶುರುವಾಗಿದೆ. ಕೊಡದವರು ಯಾರೆಂಬುದು ಅದರಿಂದ ತಾನಾಗಿಯೇ ಎಲ್ಲರಿಗೂ ತಿಳಿದುಹೋಗುತ್ತದೆ.

ನನಗೆ ಕೊಡಬೇಕೆಂಬ ಮನಸ್ಸಿದೆ. ನನ್ನ ಪತಿಯ ವಾದವೇನೆಂದರೆ, ಹಿಂದಿರುಗಿಸುತ್ತೇನೆಂದು ಮಾತುಕೊಟ್ಟು ತಂದ ಹಣವನ್ನು ಹಿಂದಿರುಗಿಸದೆ ಕಾಣಿಕೆ ಹಾಕುವುದು ಪರರ ಹಣದಲ್ಲಿ ಧರ್ಮ ಮಾಡುವುದೇ ಆಗುತ್ತದೆ. ಇಬ್ಬರೂ ವಚನಗಳನ್ನು ಹಿಡಿದೇ ವಾದಿಸುತ್ತೇವೆ, ಇಬ್ಬರಿಗೂ ಸಮಾಧಾನವಿಲ್ಲ. ಸಾಲವಿರುವಾಗ ದಶಮಾಂಶ ಕಡ್ಡಾಯವೇ? ಪೂರ್ಣ ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ಅದರಲ್ಲಿ ಒಂದು ಭಾಗವನ್ನು ಕಷ್ಟದಲ್ಲಿರುವವರಿಗೆ ನೇರವಾಗಿ ಕೊಟ್ಟರೆ ಅದು ಲೆಕ್ಕಕ್ಕೆ ಬರುವುದೇ? ದಯವಿಟ್ಟು "ಪ್ರಾರ್ಥಿಸಿ ನಿರ್ಧರಿಸಿ" ಎಂದು ಮಾತ್ರ ಹೇಳಿ ಕಳುಹಿಸಬೇಡಿ; ಪ್ರಾರ್ಥನೆ ನಡೆದೇ ಇದೆ.

ದೃಢಮನಸ್ಸು

ಸಹೋದರಿ, ಕೊಡಿ. ಮಲಾಕಿಯ 3:10ರಲ್ಲಿ ದೇವರು ತಾನೇ "ನನ್ನನ್ನು ಪರೀಕ್ಷಿಸಿರಿ" ಎನ್ನುತ್ತಾನೆ. ಸತ್ಯವೇದದಲ್ಲಿ ಅಂಥ ಆಹ್ವಾನ ಎಷ್ಟು ವಿರಳವೆಂದು ಯೋಚಿಸಿ. ಧರ್ಮಶಾಸ್ತ್ರ ಬರುವುದಕ್ಕೆ ಬಹಳ ಮೊದಲೇ ಅಬ್ರಹಾಮನು ಯಾಜಕನಾದ ಮೆಲ್ಕಿಜೆದೇಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟನು, ಯಾಕೋಬನು ಬೇತೇಲಿನಲ್ಲಿ ಅದನ್ನೇ ಹರಕೆ ಹೊತ್ತನು. ಆದ್ದರಿಂದ "ಅದು ಮೋಶೆಯ ನಿಯಮ, ನಮಗೆ ಅನ್ವಯಿಸದು" ಎಂಬ ಮಾತು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಸಾಲವಿದ್ದ ಕಾಲದಲ್ಲೂ ದಶಮಾಂಶ ನಿಲ್ಲಿಸಲಿಲ್ಲ, ದೇವರು ನಮ್ಮನ್ನು ಕೈಬಿಡಲೂ ಇಲ್ಲ. ಮೊದಲ ಪಾಲು ದೇವರದು. ಉಳಿದದ್ದನ್ನು ಆತನು ನೋಡಿಕೊಳ್ಳುತ್ತಾನೆ.

ಬೆರೋಯದವನು

ಮಲಾಕಿಯನ ಆ ವಚನ ಬಹುಮಂದಿಗೆ ಬಾಯಿಪಾಠವಿದೆ. ಅವನು ಯಾವ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಜನರನ್ನು ಗದರಿಸಿದನೋ ಅದನ್ನು ತೆರೆದು ಓದುವವರು ಮಾತ್ರ ಕಡಿಮೆ. ಓದಿದರೆ ಹಲವು ಸಂಗತಿಗಳು ಎದುರಾಗುತ್ತವೆ.

ಯಾಜಕಕಾಂಡ 27:30ರಿಂದ ಮುಂದಕ್ಕೆ ದಶಮಾಂಶ ವಿಧಿಸಿರುವುದು ಹೊಲದ ಬೆಳೆ, ಮರದ ಫಲ ಮತ್ತು ದನಕುರಿಗಳ ಮೇಲೆ. ಪ್ರಾಣಿಗಳನ್ನು ಕೋಲಿನ ಕೆಳಗೆ ದಾಟಿಸಿ ಎಣಿಸುವಾಗ ಬರುವ ಹತ್ತನೆಯದು ದೇವರಿಗೆ ಮೀಸಲು. ಒಂಬತ್ತೇ ಕರುಗಳಿರುವವನ ಕೋಲಿನ ಕೆಳಗೆ ಹತ್ತನೆಯದು ಬರುವುದೇ ಇಲ್ಲ. ಗಮನಿಸಿ, ಮೀಸಲಾದದ್ದು ಮೊದಲನೆಯದಲ್ಲ, ಹತ್ತನೆಯದು. "ಮೊದಲ ಪಾಲು" ಎಂಬ ಮಾತು ಪ್ರಥಮಫಲದ ಕಾಣಿಕೆಗೆ ಸೇರಿದ್ದು, ಅದು ಬೇರೆಯೇ ವಿಧಿ. ನಮ್ಮ ಬೋಧನೆಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತೇವೆ. ಕೂಲಿಯಾಳಿನ ದಿನಗೂಲಿಯ ಮೇಲೆ ದಶಮಾಂಶ ವಿಧಿಸಿದ ವಾಕ್ಯ ಮೋಶೆಯ ಐದು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಕೂಲಿಯವನ ಬಗ್ಗೆ ಇರುವ ಆಜ್ಞೆ, ಸೂರ್ಯ ಮುಳುಗುವುದರೊಳಗೆ ಅವನ ಕೂಲಿಯನ್ನು ಕೊಟ್ಟುಬಿಡಬೇಕೆಂಬುದು.

ಆ ದಶಮಾಂಶ ಯಾರಿಗೆ ಹೋಗುತ್ತಿತ್ತು? ಅರಣ್ಯಕಾಂಡ 18ರ ಪ್ರಕಾರ ಆರಾಧನೆಯ ಸೇವೆಗೆ ನೇಮಕವಾಗಿ, ಸ್ವಂತ ಭೂಮಿಯ ಪಾಲಿಲ್ಲದ ಲೇವಿ ಕುಲದವರಿಗೆ, ಅಂದರೆ ಲೇವಿಯರಿಗೆ. ಅವರು ತಮಗೆ ಬಂದದ್ದರಲ್ಲಿ ಹತ್ತರಲ್ಲೊಂದನ್ನು ಯಾಜಕರಿಗೆ ಕೊಡಬೇಕಾಗಿತ್ತು. ಧರ್ಮೋಪದೇಶಕಾಂಡ 14 ಇನ್ನೂ ಸ್ವಾರಸ್ಯಕರವಾಗಿದೆ. ಅಲ್ಲಿ ಕೊಡುವವನೇ ತನ್ನ ದಶಮಾಂಶವನ್ನು ದೇವರು ಆರಿಸಿಕೊಂಡ ಸ್ಥಳಕ್ಕೆ ಒಯ್ದು ಮನೆಯವರೊಂದಿಗೆ ಉಂಡು ಸಂತೋಷಪಡಬೇಕು. ದಾರಿ ದೂರವಾದರೆ ಅದನ್ನು ಮಾರಿ, ಆ ಹಣದಿಂದ ಅಲ್ಲಿ ಮನಸ್ಸಿಗೆ ಬಂದದ್ದನ್ನು ಕೊಂಡುಕೊಳ್ಳಬಹುದು. ಲೇವಿಯನನ್ನು ಮಾತ್ರ ಮರೆಯಬಾರದು. ಮೂರು ವರ್ಷಕ್ಕೊಮ್ಮೆ ಅದೇ ದಶಮಾಂಶವನ್ನು ತನ್ನ ಊರಿನಲ್ಲಿಯೇ ಕೂಡಿಸಿಟ್ಟು ಲೇವಿಯನೂ ಪರದೇಶಿಯೂ ತಂದೆಯಿಲ್ಲದ ಮಕ್ಕಳೂ ವಿಧವೆಯರೂ ತೃಪ್ತಿಯಾಗಿ ಉಣ್ಣುವಂತೆ ಮಾಡಬೇಕು. ಈ ಅಧ್ಯಾಯವನ್ನು ಆಧರಿಸಿದ ದಶಮಾಂಶದ ಪ್ರಸಂಗವನ್ನು ನೀವು ಎಂದಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಸಂಜೆಗಾಳಿ

ಹಾಗಾದರೆ ಕೊಡುವುದೇ ಬೇಡ ಎಂದು ನಿಮ್ಮ ಅಭಿಪ್ರಾಯವೇ?

ಬೆರೋಯದವನು

ಅಲ್ಲ. ಹೊಸ ಒಡಂಬಡಿಕೆಯ ಸಭೆಗೆ ಹತ್ತರಲ್ಲೊಂದೆಂಬ ತೆರಿಗೆಯನ್ನು ಅಪೊಸ್ತಲರು ವಿಧಿಸಿಲ್ಲ ಎನ್ನುತ್ತಿದ್ದೇನೆ, ಅಷ್ಟೆ. ಅವರು ಕೇಳಿದ್ದು ಅದಕ್ಕಿಂತ ಸುಲಭವಾದುದೆಂದು ಯಾರೂ ತಿಳಿಯಬಾರದು.

ದೃಢಮನಸ್ಸು

ಮತ್ತಾಯ 23:23ನ್ನು ಏಕೆ ಬಿಟ್ಟಿರಿ? ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿಯೂ ದಶಮಾಂಶ ಕೊಡುತ್ತಿದ್ದ ಫರಿಸಾಯರೆಂಬ ಯೆಹೂದ್ಯ ಪಂಗಡದವರಿಗೆ ಯೇಸು "ಇವುಗಳನ್ನೂ ಬಿಡಬಾರದಾಗಿತ್ತು" ಎಂದೇ ಹೇಳಿದ್ದಾನೆ. ಕರ್ತನು ಒಪ್ಪಿದ್ದನ್ನು ನಾವು ತಳ್ಳಿಹಾಕುವುದೇ?

ಬೆರೋಯದವನು

ಆ ಮಾತಿನ ಮುಖ್ಯ ಭಾಗ ನ್ಯಾಯ, ಕರುಣೆ, ನಂಬಿಕೆ ಎಂಬ ಮೂರು, ಗಿಡಮೂಲಿಕೆಗಳಲ್ಲ. ಅಲ್ಲದೆ ಆತನು ಮಾತನಾಡಿದ್ದು ದೇವಾಲಯವೂ ಲೇವಿಯರೂ ಇದ್ದ ಕಾಲದಲ್ಲಿ, ಧರ್ಮಶಾಸ್ತ್ರದ ಅಧೀನದಲ್ಲಿದ್ದವರೊಂದಿಗೆ. ಅದೇ ಯೇಸು ಗುಣಹೊಂದಿದ ಕುಷ್ಠರೋಗಿಗೆ ಯಾಜಕನ ಬಳಿಗೆ ಹೋಗಿ ಮೋಶೆ ನೇಮಿಸಿದ ಕಾಣಿಕೆಯನ್ನು ಅರ್ಪಿಸೆಂದೂ ಹೇಳಿದನು. ಅದನ್ನು ನಾವು ಇಂದು ಯಾರಿಗೂ ವಿಧಿಸುವುದಿಲ್ಲ. ಅಬ್ರಹಾಮನ ವಿಷಯಕ್ಕೆ ಬಂದರೆ, ಇಬ್ರಿಯರಿಗೆ ಬರೆದ ಪತ್ರಿಕೆ 7:4 ಅದು ಯುದ್ಧದ ಕೊಳ್ಳೆಯ ಪಾಲೆಂದು ಸ್ಪಷ್ಟವಾಗಿ ಹೇಳುತ್ತದೆ. ಉಳಿದ ಕೊಳ್ಳೆಯನ್ನೂ ಅವನು ತನಗೆಂದು ಇಟ್ಟುಕೊಳ್ಳಲಿಲ್ಲ. ಪ್ರತಿವರ್ಷ ಕೊಟ್ಟನೆಂಬುದಕ್ಕೆ ಆಧಾರವಿಲ್ಲ. ಯಾಕೋಬನ ಹರಕೆಯೋ, "ದೇವರು ನನ್ನನ್ನು ಕಾಪಾಡಿ ಅನ್ನವಸ್ತ್ರ ಕೊಟ್ಟು ತಂದೆಯ ಮನೆಗೆ ಸುರಕ್ಷಿತವಾಗಿ ಸೇರಿಸಿದರೆ" ಎಂಬ ಷರತ್ತಿನದು. ಷರತ್ತು ಹಾಕಿ ಕೊಡಿರೆಂದು ಯಾವ ಸಭಾಪಾಲಕರೂ ಬೋಧಿಸಲಾರರು.

ಕುರಿಗಾಹಿ

ನಾನು ಒಂದು ಚಿಕ್ಕ ಸಭೆಯ ಸಭಾಪಾಲಕ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಹಿತವಿದೆಯೆಂದು ಮೊದಲೇ ಹೇಳಿಬಿಡುತ್ತೇನೆ. ಬೆರೋಯದವನು ಅವರ ವಿವರಣೆಯಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಇಂಥ ಚರ್ಚೆಗಳು ಮುಗಿದ ಮೇಲೆ ಸಾಮಾನ್ಯವಾಗಿ ಆಗುವುದೇನೆಂದು ಸಹ ಬಲ್ಲೆ: "ದಶಮಾಂಶ ಕಡ್ಡಾಯವಲ್ಲ" ಎಂಬ ಅರ್ಧ ಮಾತು ಮನೆಗೆ ಹೋಗುತ್ತದೆ, "ಅದಕ್ಕಿಂತ ಉದಾರವಾಗಿರಿ" ಎಂಬ ಇನ್ನರ್ಧ ವೇದಿಕೆಯಲ್ಲಿಯೇ ಉಳಿದುಬಿಡುತ್ತದೆ.

ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕೆಂಬುದು ಕರ್ತನ ನೇಮಕವೆಂದು ಅಪೊಸ್ತಲ ಪೌಲನು 1 ಕೊರಿಂಥ 9:14ರಲ್ಲಿ ಬರೆದಿದ್ದಾನೆ. ಗಲಾತ್ಯ 6:6 ಕೂಡ ವಾಕ್ಯವನ್ನು ಕಲಿಯುವವನು ಕಲಿಸುವವನಿಗೆ ಪಾಲು ಕೊಡಲೆಂದು ಹೇಳುತ್ತದೆ. ಜನರು ಕೊಡದೆಹೋದಾಗ ಏನಾಗುವುದೆಂಬುದಕ್ಕೆ ನೆಹೆಮೀಯ 13 ಸಾಕ್ಷಿ: ತಮಗೆ ಬರಬೇಕಾದ ಭಾಗ ಬಾರದೆ ಲೇವಿಯರೂ ಗಾಯಕರೂ ದೇವಾಲಯದ ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದರು. ನಾನೂ ಕೆಲವು ವರ್ಷ ಬೇರೆ ಕೆಲಸ ಮಾಡಿಕೊಂಡೇ ಸಭೆ ನಡೆಸಿದವನು. ಪೌಲನು ಗುಡಾರ ಹೊಲಿದನೆಂದು ಹೇಳಿ ಎಲ್ಲ ಬೋಧಕರನ್ನೂ ಗುಡಾರ ಹೊಲಿಯಲು ಕಳುಹಿಸುವವರು, ಅವನು ಅದನ್ನು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟ ವಿಷಯವಾಗಿ ಹೇಳಿದನೆಂಬುದನ್ನು ಮರೆಯುತ್ತಾರೆ. ಬಿಟ್ಟುಕೊಡುವುದು ಅವನ ಇಚ್ಛೆ, ಕಸಿದುಕೊಳ್ಳುವುದು ಕೊರಿಂಥದವರ ಹಕ್ಕಲ್ಲ.

ಶಾಪದ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ಕ್ರಿಸ್ತನು ನಮ್ಮನ್ನು ಧರ್ಮಶಾಸ್ತ್ರದ ಶಾಪದಿಂದ ಬಿಡಿಸಿದನೆಂದು ಬೆಳಿಗ್ಗೆ ಸಾರಿ, ಕಾಣಿಕೆಯ ಹೊತ್ತಿಗೆ ಅದೇ ಶಾಪವನ್ನು ಮತ್ತೆ ಅವರ ತಲೆಯ ಮೇಲಿಡಲು ನನ್ನಿಂದಾಗದು.

ಸಂಜೆಗಾಳಿ

ಕೊನೆಯ ಸಾಲಿಗೆ ಆಮೆನ್.

ಪುಟದಂಚು

ಮಲಾಕಿಯನ ಗದರಿಕೆ ಜನರಿಗಲ್ಲ, ಕಾಣಿಕೆಯನ್ನು ನುಂಗಿಹಾಕಿದ ಯಾಜಕರಿಗೆ ಎಂದು ಓದಿದ್ದೇನೆ. ಹಾಗಿದ್ದರೆ ಶಾಪ ತಟ್ಟಬೇಕಾದದ್ದು ವೇದಿಕೆಯ ಮೇಲಿರುವವರಿಗೆ ತಾನೇ?

ಬೆರೋಯದವನು

ಅದು ಚಪ್ಪಾಳೆ ಗಿಟ್ಟಿಸುವ ವಾದ, ಆದರೆ ಅರ್ಧ ಮಾತ್ರ ಸರಿ. ಮೊದಲೆರಡು ಅಧ್ಯಾಯಗಳಲ್ಲಿ ಕುಂಟು, ಕುರುಡು ಪಶುಗಳನ್ನು ಅರ್ಪಿಸಿದ ಯಾಜಕರನ್ನು ಪ್ರವಾದಿ ಹೆಸರಿಟ್ಟು ಕರೆದು ಖಂಡಿಸುತ್ತಾನೆ, ನಿಜ. ಆದರೆ 3:9ರಲ್ಲಿ "ಜನಾಂಗವೆಲ್ಲ" ಎಂದಿದೆ. ಅದಕ್ಕೂ ಮುಂಚೆ 3:5ರಲ್ಲಿ ಕೂಲಿಯವನ ಕೂಲಿಯನ್ನು ಹಿಡಿದಿಡುವವರು, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರು, ಪರದೇಶಿಯ ನ್ಯಾಯ ತಪ್ಪಿಸುವವರು ತೀರ್ಪಿಗೆ ಗುರಿಯೆಂದೂ ಇದೆ. ನಾಲ್ಕು ವಚನಗಳ ಅಂತರದಲ್ಲಿರುವ ಇವೆರಡನ್ನೂ ಒಟ್ಟಿಗೆ ಬೋಧಿಸಿದರೆ ನನ್ನ ತಕರಾರಿಲ್ಲ.

ಲೆಕ್ಕಪುಸ್ತಕ

ವೃತ್ತಿಯಿಂದ ಲೆಕ್ಕಪರಿಶೋಧಕನಾದ್ದರಿಂದ ನನ್ನ ಕಣ್ಣು ಹೋಗುವುದೇ ಬೇರೆ ಕಡೆಗೆ. ಮೇಲೆ ಹೇಳಿದ ನೆಹೆಮೀಯ 13ರಲ್ಲಿ ಜನರು ದಶಮಾಂಶ ತಂದ ಮೇಲೆ ಕಥೆ ಮುಗಿಯುವುದಿಲ್ಲ. ನೆಹೆಮೀಯನು ಭಂಡಾರದ ಮೇಲೆ ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿಯ, ಜೊತೆಗೆ ಒಬ್ಬ ಸಹಾಯಕನನ್ನು ನೇಮಿಸುತ್ತಾನೆ. ಅವರು ನಂಬಿಗಸ್ತರೆಂದು ಎಣಿಸಲ್ಪಟ್ಟಿದ್ದರೆಂಬುದೇ ಕಾರಣವೆಂದು ಬರೆದಿದೆ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಕರೆದುಕೊಂಡನು. ಇಷ್ಟು ದೊಡ್ಡ ಮೊತ್ತವನ್ನು ನಿರ್ವಹಿಸುವಾಗ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದೆಂದೂ, ಕರ್ತನ ಎದುರಿಗೆ ಮಾತ್ರವಲ್ಲ ಮನುಷ್ಯರ ಎದುರಿಗೂ ಸರಿಯಾದದ್ದನ್ನೇ ಮಾಡಬೇಕೆಂದೂ 2 ಕೊರಿಂಥ 8:20-21ರಲ್ಲಿ ಬರೆದನು. ಅಪೊಸ್ತಲನಿಗೇ ಸಾಕ್ಷಿಗಳು ಬೇಕಾಗಿದ್ದಾಗ, "ದೇವರ ಸೇವಕನಿಂದ ಲೆಕ್ಕ ಕೇಳಬಾರದು" ಎಂಬ ಬೋಧನೆ ಎಲ್ಲಿಂದ ಬಂತೋ ನನಗೆ ತಿಳಿಯದು.

ಕೊಟ್ಟವರ ಹೆಸರನ್ನು ಓದುವ ಸಭೆಯು ಖರ್ಚಾದ ಬಾಬತ್ತುಗಳನ್ನೂ ಅದೇ ಧ್ವನಿಯಲ್ಲಿ ಓದುತ್ತದೆಯೇ ಎಂದು ಹೊಸಚಿಗುರು ಅವರು ವಿಚಾರಿಸಲಿ. ಪೂರ್ಣ ಸಂಬಳವೋ ಕೈಗೆ ಬಂದದ್ದೋ ಎಂಬುದಕ್ಕೆ ಸತ್ಯವೇದದಲ್ಲಿ ನೇರ ಉತ್ತರವಿಲ್ಲ, ಏಕೆಂದರೆ ಅಲ್ಲಿ ಲೆಕ್ಕ ನಡೆದದ್ದು ಕಣದಲ್ಲಿ ಬಿದ್ದ ಕಾಳಿನ ಮೇಲೆ. ಅರಸನನ್ನು ಬೇಡಿದ ಜನರಿಗೆ ಪ್ರವಾದಿ ಸಮುವೇಲನು, ಅವನೂ ನಿಮ್ಮ ಬೆಳೆಯಲ್ಲಿಯೂ ಕುರಿಯಲ್ಲಿಯೂ ಹತ್ತರಲ್ಲೊಂದು ತೆಗೆದುಕೊಳ್ಳುವನೆಂದು ಎಚ್ಚರಿಸಿದನು. ಅರಸನ ಪಾಲನ್ನು ಕಳೆಯುವ ಮುಂಚೆಯೋ ಕಳೆದ ಮೇಲೋ ದೇವರ ಪಾಲನ್ನು ಎಣಿಸಬೇಕೆಂದು ಅಲ್ಲಿಯೂ ಹೇಳಿಲ್ಲ. ಹೇಳಿಲ್ಲದ್ದನ್ನು ನಿಯಮವಾಗಿಸುವುದು ಸರಿಯಲ್ಲ.

ಹಳೆಯಹಾದಿ

ಚರಿತ್ರೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ದಶಮಾಂಶ ಅಪೊಸ್ತಲರ ಕಾಲದಿಂದ ಕಡ್ಡಾಯವಾಗಿ ನಡೆದುಬಂದಿದೆಯೆಂಬ ಭಾವನೆ ಹಲವರಲ್ಲಿದೆ, ದಾಖಲೆಗಳು ಅದನ್ನು ಬೆಂಬಲಿಸುವುದಿಲ್ಲ. ಎರಡನೆಯ ಶತಮಾನದ ನಡುವೆ ಕ್ರೈಸ್ತ ಬರಹಗಾರ ಜಸ್ಟಿನ್ ಮಾರ್ಟಿರನು ಭಾನುವಾರದ ಆರಾಧನೆಯನ್ನು ವರ್ಣಿಸುತ್ತ, ಅನುಕೂಲವೂ ಮನಸ್ಸೂ ಇರುವವರು ತಮಗೆ ತೋಚಿದಷ್ಟು ಕೊಡುತ್ತಾರೆ, ಸಭೆಯ ಅಧ್ಯಕ್ಷನು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು ಇವರನ್ನು ನೋಡಿಕೊಳ್ಳುತ್ತಾನೆ ಎನ್ನುತ್ತಾನೆ. ಅದೇ ಶತಮಾನದ ಕೊನೆಯ ಹೊತ್ತಿಗೆ ಇನ್ನೊಬ್ಬ ಕ್ರೈಸ್ತ ಬರಹಗಾರ ತೆರ್ತುಲ್ಲಿಯನನು ಇದರಲ್ಲಿ ಬಲವಂತವಿಲ್ಲವೆಂದು ಒತ್ತಿಹೇಳುತ್ತಾನೆ. ಅದೇ ಶತಮಾನದ ಬಿಷಪ್ ಐರೇನಿಯಸನ ಮಾತು ಇನ್ನೊಂದು ಬಗೆಯದು: ಯೆಹೂದ್ಯರು ದಶಮಾಂಶವನ್ನು ಮೀಸಲಿಟ್ಟರು, ಸ್ವಾತಂತ್ರ್ಯ ಪಡೆದವರಾದರೋ ತಮ್ಮದೆಲ್ಲವನ್ನೂ ಕರ್ತನ ಕಾರ್ಯಕ್ಕೆ ಮೀಸಲಿಡುತ್ತಾರೆಂಬುದು ಅವನ ವಾದ.

ಕೊಡದವರನ್ನು ಬಹಿಷ್ಕರಿಸಬೇಕೆಂಬ ಶಾಸನ ಮೊದಲಾದದ್ದು ಗಾಲ್ ಪ್ರಾಂತದ (ಇಂದಿನ ಫ್ರಾನ್ಸ್) ಮಾಕೋನ್ ಪರಿಷತ್ತಿನಲ್ಲಿ, 585ರಲ್ಲಿ. 779ರಲ್ಲಿ ಫ್ರಾಂಕರ ಅರಸ ಷಾರ್ಲಮೇನ್ ಅದನ್ನು ರಾಜಾಜ್ಞೆಯಾಗಿಸಿದನು. ಅಲ್ಲಿಂದ ಮುಂದೆ ದಶಮಾಂಶವೆಂಬುದು ರೈತನ ಕಣದಿಂದ ಎತ್ತಿಕೊಂಡು ಹೋಗುವ ತೆರಿಗೆಯಾಯಿತು, ಅನೇಕ ಕಡೆ ಜಮೀನುದಾರರ ಪಾಲೂ ಆಯಿತು, ಜನರ ದ್ವೇಷಕ್ಕೂ ಪಾತ್ರವಾಯಿತು. ಫ್ರಾನ್ಸ್ 1789ರ ಕ್ರಾಂತಿಯಲ್ಲಿ ಅದನ್ನು ಕಿತ್ತೊಗೆಯಿತು. ಇಂಗ್ಲೆಂಡ್ 1836ರ ಕಾಯಿದೆಯಿಂದ ಧಾನ್ಯರೂಪದ ದಶಮಾಂಶವನ್ನು ಹಣದ ಪಾವತಿಗೆ ಬದಲಿಸಿತು, 1936ರ ಕಾಯಿದೆ ಅದನ್ನೂ ಕೊನೆಗಾಣಿಸಲು ದಾರಿಮಾಡಿತು. ಜರ್ಮನಿಯಲ್ಲಿ ಇಂದಿಗೂ ಸಭಾ ತೆರಿಗೆಯಿದೆ. ರಾಜ್ಯಕ್ಕೆ ತಕ್ಕಂತೆ ಶೇಕಡಾ 8 ಅಥವಾ 9, ಅದು ಕೂಡ ಆದಾಯದ ಮೇಲಲ್ಲ, ಆದಾಯ ತೆರಿಗೆಯ ಮೊತ್ತದ ಮೇಲೆ.

ದೃಢಮನಸ್ಸು

ರಾಜರು ದುರುಪಯೋಗ ಮಾಡಿದರೆಂದು ದೇವರ ಮಾದರಿ ಕೆಟ್ಟದ್ದಾಗುವುದಿಲ್ಲ. ನಿಮ್ಮದೇ ಸಾಕ್ಷಿಯಾದ ಐರೇನಿಯಸನು ಎಲ್ಲವನ್ನೂ ಎಂದಿದ್ದಾನೆ; ಇಲ್ಲಿ ನಾವು ಹತ್ತನೆಯದಕ್ಕೇ ಇಷ್ಟು ತರ್ಕ ಹೂಡುತ್ತಿದ್ದೇವೆ.

ಹಳೆಯಹಾದಿ

ಆ ಮಾತನ್ನು ಒಪ್ಪಲೇಬೇಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಪ್ರಸಿದ್ಧ ಬೋಧಕ ಕ್ರಿಸೊಸ್ತೊಮನೂ ಸುಮಾರಾಗಿ ಇದನ್ನೇ ಹೇಳಿ ಗೇಲಿ ಮಾಡಿದ್ದನು: ಯಾರೋ ಒಬ್ಬರು ದಶಮಾಂಶ ಕೊಡುತ್ತಾರಂತೆ ಎಂದು ಜನ ಬೆರಗಾಗುತ್ತಾರೆ, ಯೆಹೂದ್ಯರಲ್ಲಿ ಬೆರಗೇ ಅಲ್ಲದಿದ್ದದ್ದು ಕ್ರೈಸ್ತರಲ್ಲಿ ಬೆರಗಾಗಿರುವುದು ಎಂಥ ನಾಚಿಕೆ ಎಂದು.

ಹೊಸಚಿಗುರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಪತಿಯೂ ಪಕ್ಕದಲ್ಲಿ ಕುಳಿತು ಓದುತ್ತಿದ್ದಾರೆ. ಕರುಗಳನ್ನು ಎಣಿಸುವ ವಿಷಯ ಅವರಿಗೆ ಬಹಳ ಹಿಡಿಸಿದೆ. ಅವರದೊಂದು ಪ್ರಶ್ನೆ: ಮಾವನವರ ಔಷಧದ ಖರ್ಚನ್ನು ಕೊಡುಗೆಯೆಂದು ಎಣಿಸಬಹುದೇ? ಅದು ಕರ್ತವ್ಯವೇ ಹೊರತು ಕೊಡುಗೆಯಲ್ಲವೆಂದು ಸಭೆಯ ಹಿರಿಯರೊಬ್ಬರು ಹೇಳಿದರಂತೆ.

ಕುರಿಗಾಹಿ

ಕರ್ತವ್ಯವೆಂಬುದು ಸರಿ, ಕರ್ತವ್ಯವಾದ್ದರಿಂದಲೇ ಅದು ಕಾಣಿಕೆಗಿಂತ ಮೊದಲು ನಿಲ್ಲುತ್ತದೆ. ಮಾರ್ಕ 7ರಲ್ಲಿ ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್, ದೇವರಿಗೆ ಅರ್ಪಿತ" ಎಂದು ಹೇಳಿ ಕೈತೊಳೆದುಕೊಂಡವರನ್ನು ಯೇಸು ಬಹಳ ಕಠಿಣವಾಗಿ ಖಂಡಿಸಿದ್ದಾನೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೀಳೆಂದು 1 ತಿಮೊಥೆ 5:8 ಹೇಳುತ್ತದೆ. ದೇವಾಲಯಕ್ಕೆ ಕೊಟ್ಟದ್ದೇ ತಂದೆಗೆ ಕೊಡದಿರಲು ನೆಪವಾದಾಗ ಕರ್ತನು ಯಾರ ಪಕ್ಷ ವಹಿಸಿದನೆಂಬುದು ಸ್ಪಷ್ಟ. ನಿಮ್ಮ ಮಾವನವರ ಔಷಧವನ್ನು ಯಾವ ಶೀರ್ಷಿಕೆಯ ಕೆಳಗೆ ಬರೆದುಕೊಂಡರೂ ಸರಿ, ನಿಲ್ಲಿಸಬೇಡಿ.

ನಸುಬೆಳಕು

ಸಾಲದ ವಿಷಯವನ್ನು ಯಾರೂ ಸರಿಯಾಗಿ ಮುಟ್ಟಲಿಲ್ಲ. ಸಾಲಗಳೆಲ್ಲ ಒಂದೇ ಬಗೆಯವಲ್ಲ. ನಿಗದಿತ ಕಂತಿನಲ್ಲಿ ವರ್ಷಗಟ್ಟಲೆ ತೀರುವ ಮನೆ ಸಾಲವು ಬಾಡಿಗೆಯಂತೆಯೇ ಒಂದು ತಿಂಗಳ ಖರ್ಚು. ಅದು ಮುಗಿಯುವವರೆಗೆ ಕೊಡುವುದಿಲ್ಲವೆಂದರೆ ಯೌವನವೆಲ್ಲ ಕೊಡದೆಯೇ ಕಳೆಯುತ್ತದೆ, ಕೊಡುವ ಅಭ್ಯಾಸ ಆಮೇಲೆ ಬರುವುದೂ ಅನುಮಾನ. ಬಂಧುಗಳ ಕೈಸಾಲ ಹಾಗಲ್ಲ. ಕೊಟ್ಟವರಿಗೂ ಅವಸರಗಳಿರುತ್ತವೆ, ಬಾಯಿಬಿಟ್ಟು ಕೇಳಲು ಸಂಕೋಚವಿರುತ್ತದೆ. "ದುಷ್ಟನು ಸಾಲಮಾಡಿ ತೀರಿಸದೆ ಹೋಗುತ್ತಾನೆ" ಎಂದು ಕೀರ್ತನೆ 37:21 ಹೇಳುವುದು ಇಂಥದ್ದನ್ನೇ. ಬಲಿಪೀಠದ ಬಳಿ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಅವನೊಂದಿಗೆ ಮೊದಲು ಸಮಾಧಾನ ಮಾಡಿಕೊಳ್ಳೆಂದು ಮತ್ತಾಯ 5ರಲ್ಲಿ ಯೇಸು ಹೇಳಿದ ಕ್ರಮವನ್ನು ನೋಡಿ.

ನನ್ನ ಸಲಹೆ ಇಷ್ಟು: ಬಂಧುಗಳೊಡನೆ ಕೂತು ಕೈಸಾಲಕ್ಕೆ ಒಂದು ಅವಧಿ ಗೊತ್ತುಮಾಡಿ, ಅದನ್ನು ತಪ್ಪದೆ ನಡೆಸಿ. ಅದರ ಜೊತೆಗೇ ಚಿಕ್ಕದೊಂದು ಮೊತ್ತವನ್ನು ಸಂಬಳ ಬಂದ ದಿನವೇ ತೆಗೆದಿಡಿ. 2 ಕೊರಿಂಥ 8:12-13 ನಿಮಗಾಗಿಯೇ ಬರೆದಂತಿದೆ: ಮನಸ್ಸಿದ್ದರೆ ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಅದು ಮೆಚ್ಚಿಕೆಯಾಗುತ್ತದೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ; ಬೇರೆಯವರಿಗೆ ಉಪಶಮನ, ನಿಮಗೆ ಸಂಕಟ ಆಗಲೆಂದು ಪೌಲನು ಬಯಸಲಿಲ್ಲ. ಕೈಸಾಲ ತೀರಿದ ತಿಂಗಳೇ ಆ ಮೊತ್ತವನ್ನು ಏರಿಸಲು ಇಬ್ಬರೂ ಈಗಲೇ ಒಪ್ಪಂದ ಮಾಡಿಕೊಳ್ಳಿ, ಇಲ್ಲದಿದ್ದರೆ ಉಳಿದ ಹಣಕ್ಕೆ ಹೊಸ ಖರ್ಚು ತಾನಾಗಿ ಹುಟ್ಟಿಕೊಳ್ಳುತ್ತದೆ.

ದೃಢಮನಸ್ಸು

ಅದೇ ಅಧ್ಯಾಯದ ಆರಂಭದಲ್ಲಿ ಮಕೆದೋನ್ಯದವರು ಕಡುಬಡತನದಲ್ಲಿದ್ದೂ ಶಕ್ತಿಮೀರಿ ಕೊಟ್ಟರೆಂದಿದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆ ತನ್ನ ಜೀವನಕ್ಕಿದ್ದದ್ದನ್ನೆಲ್ಲ ಹಾಕಿದಳು. ಆಕೆಗೆ ಯಾರೂ "ಮೊದಲು ಬಜೆಟ್ ಮಾಡಿಕೋ" ಎಂದು ಹೇಳಲಿಲ್ಲ.

ನಸುಬೆಳಕು

ಮಕೆದೋನ್ಯದವರು ಕೊಡಲು ಅವಕಾಶ ಬೇಕೆಂದು ತಾವಾಗಿಯೇ ಬೇಡಿಕೊಂಡರು. ಪೌಲನು ಅವರ ಹೆಸರುಗಳನ್ನು ಓದಿ ಒತ್ತಾಯಿಸಲಿಲ್ಲ.

ಪುಟದಂಚು

ವಿಧವೆಯ ಕಥೆಯನ್ನು ಕಾಣಿಕೆ ಎತ್ತುವ ಮುನ್ನ ಹೇಳುವವರು ಅದರ ಹಿಂದಿನ ವಚನವನ್ನೂ ಓದಬೇಕು. ಮಾರ್ಕ 12:40ರಲ್ಲಿ ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಸುತ್ತಾನೆ; ಮರುಕ್ಷಣವೇ ಒಬ್ಬ ವಿಧವೆ ತನ್ನ ಕೊನೆಯ ಕಾಸನ್ನೂ ಪೆಟ್ಟಿಗೆಗೆ ಹಾಕುತ್ತಾಳೆ; ಅಧ್ಯಾಯ ದಾಟಿದರೆ ಆ ದೇವಾಲಯವೇ ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಕೆಡವಲ್ಪಡುವುದೆಂಬ ಮಾತು ಬರುತ್ತದೆ. ಆತನು ಆಕೆಯನ್ನು ಹೊಗಳಿದನೋ, ಆಕೆಯನ್ನು ಆ ಸ್ಥಿತಿಗೆ ತಂದವರನ್ನು ಖಂಡಿಸಿದನೋ ಎಂಬುದು ಯೋಚಿಸತಕ್ಕದ್ದು.

ಕುರಿಗಾಹಿ

ಎರಡೂ ಇರಬಹುದು. ಆಕೆಯ ಭಕ್ತಿಯನ್ನು ಕಿತ್ತುಕೊಂಡು ಆಕೆಯನ್ನು ಬರೀ ವಂಚಿತಳನ್ನಾಗಿ ಮಾಡಬೇಡಿ. ಎಲ್ಲರಿಗಿಂತ ಹೆಚ್ಚು ಹಾಕಿದಳೆಂಬ ಮಾತು ಕರ್ತನದೇ.

ಮೂರನೆಯಸಾಲು

ನಾನು ಕಥೋಲಿಕ ಸಭೆಯವಳು, ಆದ್ದರಿಂದ ಈ ಚರ್ಚೆಯನ್ನು ಸ್ವಲ್ಪ ದೂರದಿಂದ ನೋಡುತ್ತಿದ್ದೇನೆ. ನಮ್ಮಲ್ಲಿ 1983ರ ಕಾನೂನು ಸಂಹಿತೆಯ 222ನೆಯ ವಿಧಿ, ಸಭೆಯ ಆರಾಧನೆ, ಸೇವಾಕಾರ್ಯ ಮತ್ತು ಸೇವಕರ ಜೀವನೋಪಾಯಕ್ಕೆ ನೆರವಾಗುವುದು ಭಕ್ತರ ಬಾಧ್ಯತೆಯೆಂದೂ, ಬಡವರಿಗೆ ಸಹಾಯ ಮಾಡುವುದೂ ಬಾಧ್ಯತೆಯೆಂದೂ ಹೇಳುತ್ತದೆ. ಶೇಕಡಾವಾರು ಪ್ರಮಾಣವನ್ನು ಸೂಚಿಸುವುದಿಲ್ಲ. ಅದರಿಂದ ಶಾಪದ ಭಯ ನಮಗಿಲ್ಲ, ನಿಜ. ಆದರೆ ಅಳತೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ಹೇಳಬೇಕು: ಬಾಲ್ಯದಲ್ಲಿ ತಂದೆ ತಟ್ಟೆಗೆ ಹಾಕುತ್ತಿದ್ದ ನಾಣ್ಯವನ್ನೇ ಸಂಬಳ ಎಷ್ಟೋ ಪಟ್ಟು ಏರಿದ ಮೇಲೂ ಹಾಕುತ್ತಿರುವವರು ನಮ್ಮ ಸಾಲುಪೀಠಗಳಲ್ಲಿ ಕಡಿಮೆಯಿಲ್ಲ. ನಿಮ್ಮ ಹತ್ತನೆಯ ಭಾಗದಲ್ಲಿ ದಬ್ಬಾಳಿಕೆಯ ಅಪಾಯವಿದೆ, ನಮ್ಮ ಸ್ವಾತಂತ್ರ್ಯದಲ್ಲಿ ಮೈಗಳ್ಳತನದ ಅಪಾಯವಿದೆ. ನಾನಂತೂ ಯಾರ ಒತ್ತಾಯವೂ ಇಲ್ಲದೆ ಹತ್ತನೆಯದನ್ನು ಆರಂಭದ ಗುರುತಾಗಿ ಇಟ್ಟುಕೊಂಡಿದ್ದೇನೆ.

ಎತ್ತರದಮನೆ

ಇಷ್ಟು ಹೊತ್ತು ಇಲ್ಲದವರ ಬಗ್ಗೆಯೇ ಮಾತಾಯಿತು. ಹತ್ತನೆಯ ಭಾಗವೆಂಬುದು ಅನುಕೂಲವಾಗಿರುವ ನನ್ನಂಥವರಿಗೆ ಬಹಳ ಸುಖದ ಏರ್ಪಾಡು ಎಂಬುದನ್ನು ಯಾರೂ ಹೇಳಲಿಲ್ಲ. ಸಾಲದಲ್ಲಿರುವ ಕುಟುಂಬ ಹತ್ತರಲ್ಲೊಂದು ಕೊಟ್ಟರೆ ಮಕ್ಕಳ ಶಾಲೆಯ ಶುಲ್ಕಕ್ಕೆ ಕೊರತೆಯಾಗುತ್ತದೆ. ನಾನು ಕೊಟ್ಟರೆ ಉಳಿತಾಯದ ಖಾತೆ ತುಸು ನಿಧಾನವಾಗಿ ಬೆಳೆಯುತ್ತದೆ, ಅಷ್ಟೆ. ಆದರೂ ಹೆಸರು ಓದುವಾಗ ಗೌರವ ಸಿಗುವುದು ನನಗೆ.

ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯ ಬಗ್ಗೆ ಪ್ರಸಿದ್ಧವಾಗಿರುವ ವಿವರವೊಂದು ನೆನಪಿಗೆ ಬರುತ್ತದೆ. ಆಕ್ಸ್‌ಫರ್ಡಿನಲ್ಲಿದ್ದಾಗ ಒಂದು ವರ್ಷ ಆದಾಯ 30 ಪೌಂಡ್ ಇತ್ತು, 28ರಲ್ಲಿ ಜೀವನ ಮಾಡಿ 2 ಪೌಂಡ್ ಕೊಟ್ಟರು. ಮರುವರ್ಷ ಆದಾಯ 60ಕ್ಕೆ ಏರಿದಾಗಲೂ 28ರಲ್ಲಿಯೇ ಜೀವನ ಮಾಡಿ 32 ಕೊಟ್ಟರು. ಆಮೇಲೆ 90 ಬಂದಾಗ 62. ಏರಿದ್ದು ಕೊಡುಗೆ, ಜೀವನದ ಮಟ್ಟವಲ್ಲ. ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದೂ, ಅನ್ಯಾಯವಾಗಿ ಕಸಿದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದೂ ಹೇಳಿದಾಗ "ಹತ್ತರಲ್ಲೊಂದು ಸಾಕು" ಎಂದು ಯೇಸು ತಡೆಯಲಿಲ್ಲ. ಇನ್ನೊಬ್ಬ ಧನಿಕನಿಗೆ ಎಲ್ಲವನ್ನೂ ಮಾರೆಂದನು. ಹತ್ತು ಎಂಬ ಸಂಖ್ಯೆಯ ಹಿಂದೆ ಅಡಗಿಕೊಳ್ಳುವವರಲ್ಲಿ ಕೊಡಲು ಮನಸ್ಸಿಲ್ಲದ ಬಡವರಿಗಿಂತ ಕೊಟ್ಟು ಮುಗಿಸಿದೆವೆಂದು ನೆಮ್ಮದಿಯಾಗಿರುವ ಧನಿಕರೇ ಹೆಚ್ಚೆಂದು ನನ್ನ ಅನುಮಾನ.

ಸಂಜೆಗಾಳಿ

ಹಾಗಾದರೆ ನೀವು ಎಷ್ಟು ಕೊಡುತ್ತೀರೆಂದು ಕೇಳಬಹುದೇ?

ಎತ್ತರದಮನೆ

ಕೇಳಬಹುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮತ್ತಾಯ 6:3ರ ದೆಸೆಯಿಂದ ಹೇಳುವುದಿಲ್ಲ.

ವೇದಿಕೆ ನಿರ್ವಾಹಕ

ಪರಸ್ಪರ ಆದಾಯ, ಕೊಡುಗೆಗಳ ಮೊತ್ತ ಕೇಳುವುದನ್ನು ಇಲ್ಲಿಗೆ ನಿಲ್ಲಿಸೋಣ. ಮೊದಲ ಬರಹದ ಮೂರನೆಯ ಪ್ರಶ್ನೆಗೆ, ಅಂದರೆ ಸಭೆಯ ಹೊರಗೆ ಕೊಟ್ಟದ್ದು ಲೆಕ್ಕಕ್ಕೆ ಬರುವುದೇ ಎಂಬುದಕ್ಕೆ, ಇನ್ನೂ ಉತ್ತರ ಬಂದಿಲ್ಲ.

ಬೆರೋಯದವನು

ಮಲಾಕಿಯನ "ಭಂಡಾರ"ವೆಂದರೆ ಸ್ಥಳೀಯ ಸಭೆಯ ಬ್ಯಾಂಕ್ ಖಾತೆಯೆಂಬ ಸಮೀಕರಣವನ್ನು ನಾನು ಒಪ್ಪುವುದಿಲ್ಲ. ಅದು ದೇವಾಲಯದ ಧಾನ್ಯದ ಕೋಣೆ. "ನನ್ನ ಆಲಯದಲ್ಲಿ ಆಹಾರವಿರುವಂತೆ" ಎಂದು ಆ ವಚನವೇ ಹೇಳುತ್ತದೆ. ದಶಮಾಂಶವನ್ನು ಗಟ್ಟಿಯಾಗಿ ಹಿಡಿದಿರುವ ಸಭೆಗಳಲ್ಲಿಯೂ ಇದರ ಅರ್ಥ ಒಂದೇ ಅಲ್ಲ: ಸೆವೆಂತ್ ಡೇ ಅಡ್ವೆಂಟಿಸ್ಟರು ದಶಮಾಂಶವನ್ನು ಸ್ಥಳೀಯ ಸಭೆಯ ಖರ್ಚಿಗೆ ಬಳಸದೆ ತಮ್ಮ ಪ್ರಾದೇಶಿಕ ಮಂಡಲಿಗೆ ಕಳುಹಿಸುತ್ತಾರೆ, ಬೋಧಕರ ಸಂಬಳ ಅಲ್ಲಿಂದ ಬರುತ್ತದೆ, ಸ್ಥಳೀಯ ಖರ್ಚು ಬೇರೆ ಕಾಣಿಕೆಗಳಿಂದ ನಡೆಯುತ್ತದೆ. ಇನ್ನು 1 ಕೊರಿಂಥ 16:2ರಲ್ಲಿ ವಾರದ ಮೊದಲನೆಯ ದಿನ ವರಮಾನಕ್ಕೆ ತಕ್ಕಂತೆ ತೆಗೆದಿಡಿರೆಂದು ಪೌಲನು ಹೇಳಿದ ಹಣ ಕೊರಿಂಥದ ಸಭೆಯ ಕಟ್ಟಡಕ್ಕಲ್ಲ, ಬಹುದೂರದ ಯೆರೂಸಲೇಮಿನಲ್ಲಿದ್ದ ಬಡವರಿಗೆ. ಮೂರನೆಯ ವರ್ಷದ ದಶಮಾಂಶವನ್ನು ಮೊದಲೇ ಹೇಳಿದ್ದೇನೆ. ಬಡವನಿಗೆ ನೇರವಾಗಿ ಕೊಟ್ಟದ್ದು ದೇವರ ಲೆಕ್ಕದಲ್ಲಿ ಸೇರುವುದಿಲ್ಲವೆಂದು ಹೇಳುವವರು ಜ್ಞಾನೋಕ್ತಿ 19:17ನ್ನು ಅಳಿಸಿಹಾಕಬೇಕಾಗುತ್ತದೆ. ಬಡವರಿಗೆ ದಯೆ ತೋರಿಸುವವನು ಯೆಹೋವನಿಗೇ ಸಾಲ ಕೊಡುತ್ತಾನೆಂದು ಅಲ್ಲಿದೆ.

ಕುರಿಗಾಹಿ

ಇದಕ್ಕೆ ಒಂದು ಷರತ್ತು ಸೇರಿಸುತ್ತೇನೆ. ಸಭೆಯ ಬೆಳಕು, ನೀರು, ಬೋಧಕನ ಮನೆ ಇವುಗಳ ಭಾರವನ್ನು ಬೇರೆಯವರ ಮೇಲೆ ಬಿಟ್ಟು, ಆರಾಧನೆಯಲ್ಲಿ ಮಾತ್ರ ಪಾಲುಗೊಂಡು, "ನಾನು ಬಡವರಿಗೆ ಕೊಡುತ್ತೇನೆ" ಎನ್ನುವವರೂ ಇದ್ದಾರೆ. ವಿಚಾರಿಸಿದರೆ ಆ ಬಡವರು ಯಾರೆಂಬುದು ಅವರಿಗೇ ನೆನಪಿರುವುದಿಲ್ಲ. ಎರಡು ಕಡೆಗೂ ಹಂಚಿ, ಹಂಚಿದ್ದನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ. ಹೆಸರು ಓದುವ ವಿಷಯವಾಗಿ ನಿಮ್ಮ ಸಭಾಪಾಲಕರನ್ನು ನೀವಿಬ್ಬರೂ ಏಕಾಂತವಾಗಿ ಭೇಟಿಮಾಡಿ ಮಾತನಾಡುವುದು ಮೇಲು. ಬಹುಶಃ ಅದರಿಂದ ನೋವಾಗುತ್ತಿದೆಯೆಂದು ಅವರಿಗೆ ಯಾರೂ ಹೇಳಿರಲಾರರು.

ದೃಢಮನಸ್ಸು

ನನ್ನ ಅಭಿಪ್ರಾಯ ಬದಲಾಗಿಲ್ಲ. ಹತ್ತನೆಯದು ಸಭೆಗೆ, ಬಡವರಿಗೆ ಕೊಡುವುದು ಅದಕ್ಕೆ ಮೇಲಾಗಿ. ಆದರೆ ಹೆಸರು ಓದುವ ಪದ್ಧತಿಯನ್ನು ನಾನೂ ಸಮರ್ಥಿಸಲಾರೆ. ದಾನ ಕೊಡುವಾಗ ತುತೂರಿ ಊದಿಸಬೇಡಿರೆಂದು ಕರ್ತನು ಹೇಳಿದ ಮೇಲೆ ಧ್ವನಿವರ್ಧಕದಲ್ಲಿ ಓದುವುದು ಸರಿಯಾಗದು.

ಪುಟದಂಚು

ಲೆಕ್ಕಪುಸ್ತಕ ಅವರಿಗೆ ಒಂದು ಪ್ರಶ್ನೆ. ಅನೇಕ ದೇಶಗಳಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ತೆರಿಗೆ ರಿಯಾಯಿತಿಯಿದೆ. ಕಾಣಿಕೆಗೆ ರಸೀದಿ ಪಡೆದು ರಿಯಾಯಿತಿ ಕೇಳುವುದು "ಗುಟ್ಟಾಗಿ ಕೊಡಿ" ಎಂಬ ಮಾತಿಗೆ ವಿರುದ್ಧವೇ? ಮರಳಿ ಬಂದ ಹಣಕ್ಕೆ ಮತ್ತೆ ದಶಮಾಂಶ ಕೊಡಬೇಕೇ?

ಲೆಕ್ಕಪುಸ್ತಕ

ರಸೀದಿ ತೋರಿಸುವುದು ತೆರಿಗೆ ಅಧಿಕಾರಿಗೆ, ಸಭೆಗಲ್ಲ. ಅದರಲ್ಲಿ ತೋರಿಕೆಯೇನೂ ಇಲ್ಲ. ರಸೀದಿ ಕೊಡುವ ಪದ್ಧತಿಯಿದ್ದರೆ ಸಭೆಯ ಲೆಕ್ಕವೂ ಶಿಸ್ತಿಗೆ ಬರುತ್ತದೆ, ಆದ್ದರಿಂದ ಕೇಳಿ ಪಡೆಯಿರಿ. ಎರಡನೆಯದಕ್ಕೆ ಉತ್ತರ ನೀವು ಮೊದಲು ಹೇಗೆ ಎಣಿಸಿದಿರೆಂಬುದನ್ನು ಅವಲಂಬಿಸಿದೆ: ಪೂರ್ಣ ಸಂಬಳದ ಮೇಲೆ ಕೊಟ್ಟಿದ್ದರೆ ಮರಳಿ ಬಂದದ್ದರ ಪಾಲೂ ಆಗಲೇ ಸಂದಿದೆ, ಕೈಗೆ ಬಂದದ್ದರ ಮೇಲೆ ಕೊಟ್ಟಿದ್ದರೆ, ಇದೂ ಕೈಗೆ ಬಂದ ಹಣವೇ.